ಒಳಮಗ್ಗುಲು

ಬಳ್ಳಾರಿ. ಮಾರ್ಚಿ. ಕಾಲೇಜಿನ ಮೂರನೇ ಮಹಡಿ.
ಕಿಟಕಿಗೆ ಕರಿ ಪರದೆ, ಎ.ಸಿ.ಗೆ ಗೊರಕೆ.
ಕತ್ತಲಲ್ಲಿ ತೇಲುತ್ತಿದೆ ಹೊನ್ನೂರ್ ಬೀಯ ಯಕೃತ್ತು,
ಪರದೆಯಿಂದ ಒಂದು ಮೊಳ ಈಚೆಗೆ:
ನೀಲಿ ನಾಳ, ಕೆಂಪು ನಾಳ, ನಡುವೆ
ನಿಂಬೆಗಾತ್ರದ ಹಳದಿ ಗಂಟು.

ಹಾಗಂತ ಎಲ್ಲರೂ ಹೇಳಿದರು.

ಕನ್ನಡಕ ಹಾಕಿಕೊಂಡ ಹನ್ನೊಂದು ಜನ
ಗಾಳಿಗೆ ಕೈ ಚಾಚಿ ಏನನ್ನೋ ಸವರುತ್ತಿದ್ದರು;
ಜಂಬಣ್ಣ ಬೆಚ್ಚಿ ತಲೆ ಹಿಂದಕ್ಕೆಳೆದ.
ನನಗೆ ಕಂಡದ್ದು
ಗೋಡೆಗೆ ಮೆತ್ತಿದ ಕ್ಯಾಲೆಂಡರು.

ಕನ್ನಡಕ ಒರೆಸಿದೆ. ಬದಲಿಸಿದೆ.
ಆಮೇಲೆ ನೆನಪಾಯಿತು: ಆರನೇ ವರ್ಷಕ್ಕೆ,
ಸಿರುಗುಪ್ಪದ ಕಣ್ಣಿನ ಕ್ಯಾಂಪಿನಲ್ಲಿ,
"ಎಡಗಣ್ಣು ಸೋಮಾರಿ. ಬಲಗಣ್ಣಿಗೆ ಪಟ್ಟಿ ಕಟ್ಟಿ."
ಕಟ್ಟಿದ್ದರು. ನಾನೇ ಕಿತ್ತೆಸೆದು ಕುಂಟಾಬಿಲ್ಲೆಗೆ ಓಡಿದ್ದೆ.
ಅಂದಿನಿಂದ ಲೋಕ ಇಷ್ಟೇ ಅಂದುಕೊಂಡು
ಕೈ ತನ್ನ ಪಾಡಿಗೆ ಕಲಿಯಿತು
ಸೂಜಿಗೆ ದಾರ, ನಾಳಕ್ಕೆ ಗಂಟು.

"ಆ ಹಳದಿಗೂ ಈ ನೀಲಿಗೂ ಸಂದು ಎಷ್ಟು?"
ಗುರುಬಸಮ್ಮ ಮೇಡಂ ನನ್ನನ್ನೇ ಕೇಳಿದರು.
ವರದಿಯಲ್ಲಿ ಓದಿದ್ದನ್ನು ಹೇಳಿದೆ.
ಕಂಡದ್ದನ್ನಲ್ಲ.

ಮಾರನೇ ದಿನ ರೋಗಿಯನ್ನೇ ಕರೆತಂದರು,
ಸಹಿಗೆ ಮುಂಚೆ ತೋರಿಸಬೇಕಲ್ಲ.
ಕೌಲ್ ಬಜಾರಿನ ಜೀನ್ಸ್ ಶೆಡ್ಡಿನ ಕಟಿಂಗ್ ಮಾಸ್ಟರ್;
ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ನೀಲಿ,
ಮುರಿದ ಸೂಜಿ ಹಾರಿ ಬಲಗಣ್ಣು ಹೋಗಿ ಹನ್ನೆರಡು ವರ್ಷ.

ಕನ್ನಡಕ ಬ್ಯಾಡವ್ವ ಅಂದಳು.
ಹಿಡಿಕೆ ಇಸಿದುಕೊಂಡು
ತನ್ನ ಯಕೃತ್ತನ್ನು ತಾನೇ ತಿರುಗಿಸಿದಳು,
ಪ್ಯಾಂಟಿನ ಕಾಲು ಒಳಮಗ್ಗುಲು ಮಾಡಿ
ಹೊಲಿಗೆ ನೋಡುವ ಹಾಗೆ,
ಕತ್ತು ಅತ್ತ ಒಮ್ಮೆ, ಇತ್ತ ಒಮ್ಮೆ.

"ಸುಮ್ನ ನಿಂತು ನೋಡಿದ್ರ ಬರೇ ಅರಿವಿ.
ಹೊಳ್ಳಿಸ್ರಿ. ಮುಂದಿಂದು ಓಡ್ತೈತಿ,
ಹಿಂದಿಂದು ಕುಂಟ್ತೈತಿ.
ಅದ್ರಾಗ ತಿಳಿತೈತಿ, ಎಷ್ಟು ಬಿಟ್ಟು ಕತ್ರಿ ಹಾಕ್ಬೇಕಂತ."
ಆಮೇಲೆ, ಯಾರ ಕಡೆಗೂ ನೋಡದೆ,
"ಕತ್ರಿ ಯಾರ್ದು?"

ಎಲ್ಲರೂ ಮೇಡಂ ಕಡೆ ತಿರುಗಿದರು.

ಸಂಜೆ ಖಾಲಿ ಕೋಣೆಯಲ್ಲಿ ಹಿಡಿಕೆ ಹಿಡಿದೆ.
ಹೊಳ್ಳಿಸಿದೆ. ಹಳದಿ ಜಾರಿತು, ನೀಲಿ ತಡವರಿಸಿತು,
ನಡುವೆ ಒಂದು ಕರಿ ಎಳೆ ತೆರೆದು
ಮತ್ತೆ ಮುಚ್ಚಿತು. ಇನ್ನೊಮ್ಮೆ.
ಇನ್ನೊಮ್ಮೆ.

ಹೊರಗೆ ಬಂದರೆ ಕೋಟೆ ಬೆಟ್ಟ,
ಕತ್ತರಿಸಿ ಅಂಟಿಸಿದ ಕಾಗದ.
ಎರಡು ಹೆಜ್ಜೆ ಸರಿದೆ:
ನೀರಿನ ಟಾಕಿ ಮುಂದೆ ಓಡಿತು,
ಬೆಟ್ಟ ಹಿಂದುಳಿಯಿತು.

ಮೇಡಂ ಕೋಣೆಯಲ್ಲಿ ದೀಪವಿತ್ತು.
ಬಾಗಿಲು ಬಡಿಯುವ ಮೊದಲು
ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆ.
ಬಾಗಿಲು ಇದ್ದಲ್ಲೇ ಇತ್ತು.
ಬಡಿದೆ.