ಸೀಸದ ಕಡ್ಡಿ

ಆಸಿಡ್ಡಿನ ಮುಂದೆ ಶಾಯಿ ನಿಲ್ಲುವುದಿಲ್ಲ.
ಹಾಗಾಗಿ ಲೇಬಲ್ಲಿನ ಮೇಲೆ ನಾನು
ಸೀಸದ ಕಡ್ಡಿಯಲ್ಲೇ ಬರೆಯುತ್ತಿದ್ದೆ:
ಬೀದಿ, ಮನೆಯ ನಂಬರು, ಕಿಟಕಿ ಯಾವ ದಿಕ್ಕಿಗೆ.
"ಕನ್ನಡದಲ್ಲಿ ಇದಕ್ಕೇನು ಹೆಸರು?" ಕೇಳಿದರು ಡಾಕ್ಟರ್ ಟ್ರೆಲೋರ್.
ಹೇಳಿದೆ. ಕೆಮ್ಮು ಬರುವಷ್ಟು ನಕ್ಕರು.
ಒಳಗಿರುವುದು ಬರೀ ಇದ್ದಿಲಿನ ಜಾತಿ,
ಹೆಸರು ಮಾತ್ರ ಸೀಸದ್ದು.
ಅವರ ಊರಲ್ಲಿ ಉಲ್ಟಾ:
ಎಲ್ಲ ಕಡೆ ಅದೇ, ಹೆಸರೆತ್ತುವಂತಿಲ್ಲ.

ಅಡಿಲೇಡಿನಿಂದ ಮೂರು ತಾಸು, ಗೋಧಿಹೊಲ ಮುಗಿದು
ಉಪ್ಪುನೆಲ ಶುರುವಾಗುವಲ್ಲಿ ಗ್ಯಾನೆಟ್ ಬೇ.
ಊರಿಗಿಂತ ಮೊದಲು ಕಾಣುವುದು ಚಿಮಣಿ.
ಫುಟ್‌ಬಾಲ್ ತಂಡದ ಅಂಗಿಯ ಮೇಲೂ ಅದೇ ಚಿಮಣಿ,
ಈಜುಕೊಳದ ಬೋರ್ಡಿನ ಮೇಲೂ,
ಆಸ್ಪತ್ರೆಯ ಗಡಿಯಾರದ ಮೇಲೂ.
ಅದು ಹೊಗೆಯುಗುಳಿದರೇ ಮನೆಯ ಒಲೆ ಉರಿಯುವುದು.
ಅವರ ಅಪ್ಪ ಮೂವತ್ತೊಂದು ವರ್ಷ
ಕುಲುಮೆಯ ಬಾಯಿಗೆ ನಿಂತವರು, ಅಣ್ಣ ಈಗಲೂ ಅಲ್ಲೇ.

ಒದ್ದೆ ಕಾಗದದಲ್ಲಿ ಕಿಟಕಿಯ ದಂಡೆ ಒರೆಸುವುದು,
ಮಡಚಿ ಚೀಲಕ್ಕೆ ಹಾಕುವುದು.
ಇಷ್ಟೇ ನಮ್ಮ ಕೆಲಸ.
ಬೆಳಿಗ್ಗೆ ಒರೆಸಿದ್ದು ಸಂಜೆಗೆ ಮತ್ತೆ ಬೂದು.
ಸ್ಟಾವ್ರೂಲಾಳ ಮನೆಯಲ್ಲಿ ತೆವಳುವ ಕೂಸು,
ನೆಲಕ್ಕೊತ್ತಿದ ಅಂಗೈ ನೇರ ಬಾಯಿಗೆ.
"ಆ ಮಾಡು" ಅಂದಳು ತಾಯಿ.
ನಾನೂ ಬಗ್ಗಿ ನೋಡಿದೆ.
ಬ್ರಹ್ಮಾಂಡವೇನಿರಲಿಲ್ಲ.
ಎರಡು ಹಲ್ಲು, ಜೊಲ್ಲು, ನಾಲಗೆಯ ಮೇಲೊಂದು ಕೂದಲು.
ರಕ್ತದ ಲೆಕ್ಕ ಬೇರೆ ಕಾಗದದಲ್ಲಿತ್ತು.

ಕಂಪನಿ ಮನೆಮನೆಗೂ ಮಾಪು ಹಂಚಿತು, ಬಕೆಟ್ಟು ಹಂಚಿತು,
ಬಕೆಟ್ಟಿನ ಮೇಲೂ ಚಿಮಣಿ.
ಮಕ್ಕಳ ಕೈ ಚೆನ್ನಾಗಿ ತೊಳೆಸಿ ಎಂದು
ಬಣ್ಣದ ಚಿತ್ರವಿದ್ದ ಕರಪತ್ರ.
ತಾಯಂದಿರು ಕೈ ತೊಳೆಸಿದರು.
ಕಂಪನಿ ಕೈ ತೊಳೆದುಕೊಂಡಿತು.

ವಿಚಾರಣೆಯ ದಿನ ಅವರ ವಕೀಲ ಎತ್ತಿ ಹಿಡಿದದ್ದು
ಊರಿನ ಒಂದು ಕಾಗದವನ್ನೂ ಅಲ್ಲ, ನಮ್ಮದೇ ಖಾಲಿ ಕಾಗದವನ್ನು.
ಎಲ್ಲೂ ಒರೆಸದ್ದು, ಏನನ್ನೂ ಮುಟ್ಟದ್ದು,
ಸೊನ್ನೆ ಬರಬೇಕಾದದ್ದು.
ಬಂದಿರಲಿಲ್ಲ.
"ಸೀಸ ನಿಮ್ಮ ಲ್ಯಾಬಿನಲ್ಲೇ ಇದೆಯಲ್ಲ, ಡಾಕ್ಟರ್?"
ಹಿಂದಿನ ಬೆಂಚುಗಳಲ್ಲಿ ನಗು. ಅಣ್ಣನೂ ನಕ್ಕ.

ನಾಲ್ಕು ತಿಂಗಳು ತಿಕ್ಕಿದೆವು,
ಗೋಡೆ, ನಲ್ಲಿ, ಬೂಟಿನ ಅಟ್ಟೆ, ನನ್ನ ಬಳೆ.
ಅನುದಾನ ನಿಂತಿತು.
ವಿಶ್ವವಿದ್ಯಾಲಯ ನಮ್ಮನ್ನು ನೆಲಮಾಳಿಗೆಗೆ ಇಳಿಸಿತು,
ಅಲ್ಲೂ ತಿಕ್ಕಿದೆವು.
ಸೊನ್ನೆ ಹತ್ತಿರ ಬಂದು, ಮತ್ತೆ ಜಾರಿ ಹೋಗುತ್ತಿತ್ತು.

ಜುಲೈ ತಿಂಗಳ ಕೊರೆಯುವ ಬೆಳಿಗ್ಗೆ
ಸ್ವೆಟರ್ ಕಳಚಿ ಗೂಟಕ್ಕೆ ಹಾಕಿದವರು
ಹಾಕಿದ ಕೈ ತೆಗೆಯದೆ ನಿಂತುಬಿಟ್ಟರು.
ಅಮ್ಮ ಹೆಣೆದದ್ದು. ಗ್ಯಾನೆಟ್ ಬೇ ಹಿತ್ತಲಿನ ಹಗ್ಗದ ಮೇಲೆ
ಹದಿನಾರು ವರ್ಷ ಒಗೆದು ಒಗೆದು ಒಣಗಿದ್ದು.
ತೋಳಿನ ತುದಿಯಿಂದ ಬೆರಳುದ್ದ ಉಣ್ಣೆ ಕತ್ತರಿಸಿ
ನನ್ನ ಮುಂದಿಟ್ಟರು. "ಲೇಬಲ್ ಬರಿ."

ಏನಂತ, ಅಂದೆ.

ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ.
ಆಮೇಲೆ ಬೀದಿಯ ಹೆಸರು ಹೇಳಿದರು,
ಮನೆಯ ನಂಬರು ಹೇಳಿದರು,
ಬಟ್ಟೆಯ ಹಗ್ಗ ಯಾವ ದಿಕ್ಕಿಗಿತ್ತು ಎಂದೂ.

ಕಡ್ಡಿ ಚೂಪು ಮಾಡಿಕೊಂಡೆ.