ಮುನ್ನೂರು ಪದ ಮೀರದಂತೆ

ಕಡೆಯ ಪ್ರಶ್ನೆ, ಹದಿನೇಳನೆಯದು:
ಈ ತರಬೇತಿ ನಿಮಗೆ ಏಕೆ ಬೇಕು?
ಮುನ್ನೂರು ಪದ ಮೀರದಂತೆ ಬರೆಯಿರಿ.

ಅದಕ್ಕೂ ಮೊದಲಿನವು ಸಲೀಸು.
ಹೆಸರು ನವನೀತ, ತಂದೆ ಪಿಳ್ಳಪ್ಪ, ಊರು ಶಿಡ್ಲಘಟ್ಟ,
ನಾಡಕಚೇರಿಗೆ ಮೂರು ಸಲ ಅಲೆದು ತಂದ ಆದಾಯ ಪತ್ರ.
ಅದರಲ್ಲಿ ಅಪ್ಪನ ಉದ್ಯೋಗ ಇನ್ನೂ ‘ಗುಮಾಸ್ತ’ ಅಂತಲೇ ಇದೆ,
ತಿದ್ದಿಸಲಿಲ್ಲ.
ಡಿಜಿಟಲ್ ಫೊರೆನ್ಸಿಕ್ಸ್, ಒಂದು ವರ್ಷ,
ಶುಲ್ಕ ಅವರದೇ, ಹಾಸ್ಟೆಲ್ಲೂ ಅವರದೇ.
ಅಮ್ಮನ ಬೆರಗು: “ಇನ್ನೊಬ್ಬರ ಕಸ ಕೆದಕೋದಕ್ಕೂ
ಸ್ಕಾಲರ್‌ಶಿಪ್ ಕೊಡ್ತಾರೇನೆ?”

ಗಂಟೆಗೆ ಮೂವತ್ತು ಅಂದಿದ್ದ ಸಾದಿಕ್ ಭಾಯಿ
ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ.
ಹೊರಗೆ ಗೂಡಿನ ಮೂಟೆ ತುಂಬಿದ ಟೆಂಪೋ
ಕಿರುಚುತ್ತ ಹಿಂದಕ್ಕೆ ಸರಿಯುತ್ತಿದೆ.
ಬೆಂದ ಹುಳುವಿನ ವಾಸನೆ ಫ್ಯಾನಿನ ಗಾಳಿಗೂ ಹತ್ತಿದೆ.

ಬರೆದೆ: ಸೈಬರ್ ಅಪರಾಧಗಳು ದಿನೇ ದಿನೇ ಹೆಚ್ಚುತ್ತಿರುವ ಈ ಕಾಲದಲ್ಲಿ
ಅಳಿಸಿದೆ. ಅದು ಯಾರು ಬೇಕಾದರೂ ಬರೆಯುವ ಮಾತು.

ಬರೆದೆ: ನನ್ನ ತಂದೆ ರೀಲರುಗಳ ಸಂಘದಲ್ಲಿ
ಹತ್ತೊಂಬತ್ತು ವರ್ಷ ಲೆಕ್ಕ ಬರೆದವರು.
ಒಂದು ಮಂಗಳವಾರ ಹತ್ತೂ ನಲವತ್ತಕ್ಕೆ
ಅವರ ಹೆಸರಿನಲ್ಲಿ ಕಂಪ್ಯೂಟರಿನೊಳಗೆ ಹೋದ ಯಾರೋ
ಎಪ್ಪತ್ತು ಸಾವಿರವನ್ನು
ಇಲ್ಲದ ಮನುಷ್ಯನೊಬ್ಬನಿಗೆ ಕೊಟ್ಟರು.
ಹತ್ತೂ ನಲವತ್ತಕ್ಕೆ ಅಪ್ಪ ಚಿಕ್ಕಬಳ್ಳಾಪುರದಲ್ಲಿ
ಅಜ್ಜಿಯ ಕಣ್ಣಿಗೆ ಮದ್ದು ಹಾಕಿಸುತ್ತಿದ್ದರು.
ಬಸ್ಸಿನ ಟಿಕೆಟ್ಟು ಯಾರು ಎತ್ತಿಡುತ್ತಾರೆ?
ಅಳಿಸಿದೆ. ಕನಿಕರಕ್ಕೆ ಕೈಯೊಡ್ಡಿದ ಹಾಗಿತ್ತು.

ಬರೆದೆ: ಬೆಂಗಳೂರಿನಿಂದ ಒಬ್ಬಾಕೆ ಬಂದರು,
ಊಟದ ಕ್ಯಾರಿಯರಿನಷ್ಟು ಪೆಟ್ಟಿಗೆ, ಕೈಗೆ ನೀಲಿ ಗವಸು.
ಬಾಗಿಲಲ್ಲಿ ಇಣುಕುತ್ತಿದ್ದ ನನಗೆ
ಅಂಗೈಯಗಲದ ಸಾಧನವೊಂದನ್ನು ತೋರಿಸಿ
“ಇದರ ಮೂಲಕ ಓದಬಹುದು, ಬರೆಯಲಾಗದು” ಅಂದರು.
ನಮ್ಮ ಶಾಲೆಯಲ್ಲಿ ಅಂಥವರನ್ನು
ಹಿಂದಿನ ಬೆಂಚಿಗೆ ಕಳಿಸುತ್ತಿದ್ದರು.
ಡಿಸ್ಕಿನ ನಕಲು ತೆಗೆದು, ದಿನಾಂಕಗಳನ್ನು ಸಾಲಾಗಿ ಇಳಿಸಿ,
ಒಂದು ಸಾಲಿನ ಮೇಲೆ ಬೆರಳು ನಿಲ್ಲಿಸಿ ಕೇಳಿದರು:
“ಬುಧವಾರ ರಾತ್ರಿ ಇದನ್ನು ಆನ್ ಮಾಡಿದ್ದು ಯಾರು?”

ಕರೆಂಟು ಹೋಯಿತು.
ಬಂತು. ಪೆಟ್ಟಿಗೆ ಖಾಲಿ, ಕರ್ಸರ್ ಮಿಟುಕುತ್ತಿದೆ,
ಉತ್ತರ ಗೊತ್ತಿರುವ ಮೇಷ್ಟರ ಹಾಗೆ.

ನಾನು, ಅಂತ ಬರೆದೆ.
ಆಗ ಹದಿನಾರು.
ಆಫೀಸಿನ ಕೀಲಿ ಅಪ್ಪನ ಅಂಗಿಯ ಜೇಬಿನಲ್ಲಿತ್ತು,
ಪಾಸ್‌ವರ್ಡು ನನ್ನ ಹುಟ್ಟಿದ ದಿನ.
ಅವರು ತಪ್ಪು ಮಾಡಿಲ್ಲವೆನ್ನುವ ಸಾಲು ಒಳಗೆಲ್ಲೋ ಇದೆ,
ಹುಡುಕಿ ತರುತ್ತೇನೆ ಅಂತ
ಒಂದೊಂದೇ ಕಡತ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.
ತೆರೆದದ್ದೆಲ್ಲ ಆ ರಾತ್ರಿಯ ಗಂಟೆಯನ್ನೇ ಹೊದ್ದುಕೊಂಡಿತು.
ಗೂಡು ಕೊರೆದು ಹೊರಬಂದ ಚಿಟ್ಟೆಗೆ
ಎಳೆ ಎಲ್ಲೆಲ್ಲಿ ತುಂಡಾಯಿತೆಂದು ಗೊತ್ತೇ ಇರುವುದಿಲ್ಲ.

ಆಕೆ ಬೈಯಲಿಲ್ಲ. ನನ್ನ ಹೆಸರನ್ನು ಅಪ್ಪನಿಗೆ ಹೇಳಲೂ ಇಲ್ಲ.
ವರದಿಯಲ್ಲಿ ಬರೆದರು:
ಖಚಿತವಾಗಿ ಹೇಳಲಾಗದು.
ಆ ಎರಡು ಪದದ ಮೇಲೆ ಅಪ್ಪ ಆರು ವರ್ಷದಿಂದ ಕೂತಿದ್ದಾರೆ,
ಜೈಲಿಲ್ಲ, ಕೆಲಸವೂ ಇಲ್ಲ.
ಒಮ್ಮೊಮ್ಮೆ, ಅನ್ನ ಕಲಸುತ್ತ, ಯಾರಿಗೆಂದಿಲ್ಲದೆ ಅನ್ನುತ್ತಾರೆ:
“ಆ ಮಿಷಿನ್ನಿಗೆ ನನ್ನ ಮೇಲೆ ಏನು ಕೋಪವೋ.”

ಕೀಲಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದೆ.
ಸಾದಿಕ್ ಭಾಯಿ ಶಟರನ್ನು ಅರ್ಧಕ್ಕೆ ಎಳೆದು ಕೆಮ್ಮಿದರು.
ಅದನ್ನೂ ಅಳಿಸಿದೆ.

ಕಳಿಸಿದ್ದು ಇಷ್ಟೇ:
ಮುಟ್ಟದೆ ನೋಡುವುದನ್ನು ಕಲಿಯಬೇಕಾಗಿದೆ.
ಇನ್ನೂ ಇನ್ನೂರ ತೊಂಬತ್ತೇಳು ಪದ ಬಾಕಿ ಎಂದು
ಪರದೆಯ ಮೂಲೆ ನೆನಪಿಸಿತು.

ಆಯ್ಕೆ ಮಾಡುವವರೇ,
ನೀವು ಆ ವಿದ್ಯೆ ಬಲ್ಲವರಾದರೆ
ಉಳಿದದ್ದು ಎಲ್ಲಿದೆಯೆಂದು ನಾನು ಹೇಳಬೇಕಾಗಿಲ್ಲ.
ನೀವು ಬಂದು ಸೇರುವ ತನಕ ಮಾತ್ರ
ಸಾದಿಕ್ ಭಾಯಿಯ ನಾಲ್ಕನೇ ನಂಬರಿನ ಮಿಷಿನ್ನನ್ನು
ಯಾರೂ ಆನ್ ಮಾಡದ ಹಾಗೆ ನೋಡಿಕೊಳ್ಳಿ.