ಹದಿನೇಳನೆಯ ಹನಿ

ಇಲ್ಮಾರಿ ಆಸ್ಪತ್ರೆಗೆ ಹೋಗುವಾಗ
ಬೀಗದ ಕೈ ಕೊಟ್ಟ, ಜೊತೆಗೊಂದು ಚೀಟಿ:
"ಐದು ಮಿಲಿ ನೀರು. ಹನಿ ಎಣಿಸು. ಮಾತಾಡಬೇಡ."

ತಾಂಪೆರೆಯಲ್ಲಿ ಜನವರಿ. ಹೊರಗೆ ಸರೋವರದ ಮೇಲೆ
ಹುಡುಗರು ಸೈಕಲ್ ಹೊಡೆಯುತ್ತಿದ್ದಾರೆ.
ಒಳಗೆ, ನಾಲ್ಕನೇ ಮಹಡಿಯಲ್ಲಿ,
ಇಪ್ಪತ್ತೈದು ಡಿಗ್ರಿಯ ಕಡಲು,
ಸೋಫಾದಷ್ಟು ಉದ್ದ, ಪಂಪಿನ ಗೊರಕೆ.

ಸಿರಿಂಜ್ ಹಿಡಿದು ಕುಳಿತೆ ನಾನು, ಎದುರುಮನೆಯ ಐರ್ಯಾ,
ಸಾರಿಗೆ ಉಪ್ಪನ್ನೂ ಅಳೆದು ಹಾಕದವಳು.
ಹನಿಗೂಡಿದರೆ ಹಳ್ಳ ಎನ್ನುವುದು ಬೇರೆ ನೀರಿನ ಮಾತು;
ಇಲ್ಲಿ ಒಂದು ಹನಿ ಹೆಚ್ಚಾದರೆ
ಕಡಲೇ ಸುಳ್ಳು.

ಹದಿನಾಲ್ಕು, ಹದಿನೈದು. ಸೀಸೆಯೊಳಗೆ ನೀಲಿ, ಇನ್ನೂ ನೀಲಿಯೇ.
ಹದಿನೇಳಕ್ಕೆ ಫೋನು.
ನರ್ಸ್ ಇರಬೇಕು ಅಂದುಕೊಂಡೆ. ಎದೆ ಧಸಕ್ಕೆಂದಿತು.
ಅವನೇ: "ಬಣ್ಣ ತಿರುಗಿತೇ?"
"ನಿನ್ನಿಂದ ಲೆಕ್ಕ ತಪ್ಪಿತು, ಮುದುಕಾ."
"ಚೆಲ್ಲು. ಮೊದಲಿಂದ."

ಚೆಲ್ಲಿದೆ. ಮೂರು ಸಲ ತೊಳೆದೆ. ಮತ್ತೆ ಒಂದು, ಎರಡು...
ಇಪ್ಪತ್ತೊಂದಕ್ಕೆ ನೀಲಿ ಥಟ್ಟನೆ ಗುಲಾಬಿ,
ಬೈಸಿಕೊಂಡವಳ ಕೆನ್ನೆಯಂತೆ.
ಹನ್ನೊಂದು ವರ್ಷದ ಅವನ ನೇರ ಅಂಕೆಗಳ ಕೆಳಗೆ
ನನ್ನದೊಂದು ಸೊಟ್ಟ ಅಂಕೆ.

ಆಮೇಲೆ ದೀಪದಡಿ ಬಗ್ಗಿ ನೋಡಿದೆ.
ಎಲೆಯುದುರುವ ಕಾಲದಲ್ಲಿ ಅವನು ಅಂಟು ಹಾಕಿ ನಿಲ್ಲಿಸಿದ್ದ
ಹೆಬ್ಬೆರಳ ಉಗುರಿನಷ್ಟು ಹವಳದ ತುಂಡು.
ನಾನು ಸತ್ತಿದೆ ಎಂದೇ ತಿಳಿದಿದ್ದೆ.
ಅಂಟಿನ ಬಿಳಿ ಗುಡ್ಡೆಯ ಮೇಲೆ
ಅದರ ಕಂದು ಚರ್ಮ
ಒಂದು ಕೂದಲೆಳೆಯಷ್ಟು ಇಳಿದು ಕೂತಿದೆ.

ಇದನ್ನು ಫೋನಿನಲ್ಲಿ ಹೇಳಲಿಲ್ಲ.
ಬಂದು ನೋಡಲಿ.